ಅಸ್ತು ಅನ್ನುವ ಹೊತ್ತು

ನಿವೃತ್ತಳಾದ ಮೇಲೆ ಯಾರಿಗೂ ಪಾಠ ಹೇಳುವುದಿಲ್ಲವೆಂದು ಹಟ ಹಿಡಿದಿದ್ದೆ. ಆ ಹಟ ಮುರಿದವಳು ನಗರ ಎಂಬ ಊರಿನ ಕಡೆಯ ಅಂಗನವಾಡಿಯೊಂದರ ಸಹಾಯಕಿ. ಗಂಡ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಇವಳ ಸಂಬಳದಲ್ಲೇ ಮನೆ ನಡೆಯಬೇಕು. ಪಿಯುಸಿಯಲ್ಲಿ ಉಳಿದುಹೋದ ಇಂಗ್ಲಿಷ್ ಒಂದು ಪಾಸಾದರೆ ಕಾರ್ಯಕರ್ತೆಯ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. "ಹೆಂಗಾದ್ರೂ ಒಂದು ದಡ ಸೇರ್ಸಿ ಟೀಚರ್" ಎಂದು ಹೊಸನಗರದ ನಮ್ಮ ಮನೆ ಜಗಲಿಯಲ್ಲಿ ಕೂತೇಬಿಟ್ಟಳು. ಕೆಲಸ ಮುಗಿಸಿ, ಬಸ್ಸು ಹಿಡಿದು ಬರುವಷ್ಟರಲ್ಲಿ ದಿನವೂ ಸಂಜೆಯಾಗುತ್ತಿತ್ತು.

ಟ್ರಾನ್ಸಿಟಿವ್, ಇನ್‌ಟ್ರಾನ್ಸಿಟಿವ್ ಎಂದ ಕೂಡಲೇ ಅವಳ ಮುಖ ಬಾಡಿತು.

"ಹೆದರಬೇಡ ಮಾರಾಯ್ತಿ. ಕ್ರಿಯಾಪದ ಸಿಕ್ಕಿದ ಕೂಡ್ಲೆ ಏನನ್ನ, ಯಾರನ್ನ ಅಂತ ಕೇಳು. ಉತ್ತರ ಸಿಕ್ಕಿದ್ರೆ ಟ್ರಾನ್ಸಿಟಿವ್, ಇಲ್ದಿದ್ರೆ ಇನ್ನೊಂದು."

"ಐ ಕುಕ್ ರೈಸ್" ಎಂದಳು. "ಏನನ್ನ? ಅನ್ನಾನ." ಮತ್ತೆ, "ಐ ವಾಶ್ ಹಿಮ್. ಯಾರನ್ನ? ನಮ್ಮನೆಯವರನ್ನ."

ಎತ್ತುವುದು, ಉಣಿಸುವುದು, ಒರೆಸುವುದು. ಅವಳ ದಿನದಲ್ಲಿ ಆ ಜಾತಿಯ ಕ್ರಿಯಾಪದಗಳಿಗೆ ಬರವಿರಲಿಲ್ಲ. ತಕರಾರು ಬಂದದ್ದು ಇನ್ನೊಂದು ಜಾತಿಗೆ. ಗೈಡಿನ ಮೊದಲ ಉದಾಹರಣೆ ಓದಿದೆ: "ಹಿ ಡೈಡ್. ಅವನು ಸತ್ತ. ಎಲ್ಲಿ, ಹೇಳು."

ಅವಳು ಗೈಡನ್ನೇ ಮುಚ್ಚಿದಳು. "ದೀಪ ಹಚ್ಚೋ ಹೊತ್ತು ಟೀಚರ್. ಅಸ್ತು ದೇವತೆಗಳು ಓಡಾಡ್ತಿರ್ತಾವೆ. ನಮ್ಮ ಬಾಯಲ್ಲಿ ಬಂದಿದ್ದಕ್ಕೆ ಅಸ್ತು ಅಂದ್ಬಿಟ್ರೆ ನಾನೆಂತ ಮಾಡ್ಲಿ?"

ನನಗೆ ರೇಗಿತು. "ಅವಕ್ಕೆ ಇಂಗ್ಲಿಷ್ ಬರ್ತದೇನೆ?"

"ಅವಕ್ಕೆ ಎಲ್ಲಾ ಬರ್ತದೆ. ನಂಗೊಬ್ಳಿಗೇ ಬರಲ್ಲ."

ನಗಲೋ ಬೈಯಲೋ ತಿಳಿಯಲಿಲ್ಲ. ಕೊನೆಗೆ "ಹಿ ಸ್ಲೀಪ್ಸ್" ಎಂದು ಹೇಳಿಕೊಟ್ಟೆ. ಅದನ್ನು ಸಮಾಧಾನವಾಗಿ ಹೇಳಿದಳು, ಎರಡು ಸಲ. ಗೈಡಿನ ಆ ವಾಕ್ಯವನ್ನು ಬಿಟ್ಟು ನಾವು ಮುಂದೆ ಹೋದೆವು.

ಪರೀಕ್ಷೆಯ ದಿನ ಬೆಳಿಗ್ಗೆ ಫೋನ್ ಬಂತು. ಗಂಡನಿಗೆ ಉಸಿರಾಡಲು ಆಗುತ್ತಿಲ್ಲ, ತೀರ್ಥಹಳ್ಳಿ ಆಸ್ಪತ್ರೆಗೆ ಹೋಗುತ್ತಿದ್ದೇವೆ ಎಂದಳು. "ಹಾಲ್ ಟಿಕೆಟ್ ಬ್ಯಾಗಲ್ಲೇ ಉಂಟು ಟೀಚರ್. ಸ್ವಲ್ಪ ತಡ ಆದ್ರೆ ಒಳಗೆ ಬಿಡ್ತಾರಲ್ಲಾ?"

"ಬಿಡ್ತಾರೆ, ಬಾ" ಅಂದೆ. ಬಿಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು. ಅವಳು ಪರೀಕ್ಷೆಗೆ ಬರಲಿಲ್ಲ. ಮಧ್ಯಾಹ್ನ ಅವನು ತೀರಿಕೊಂಡನಂತೆ. ನನ್ನ ಕೈಯಲ್ಲಿ ಆಗುವಂಥದ್ದು ಒಂದೂ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಅದೇ ಬಸ್ಸಿಗೆ ಬಂದಳು. ಮುಂದಿನ ಪರೀಕ್ಷೆಗೆ ಮತ್ತೆ ಹೆಸರು ಕೊಟ್ಟಿದ್ದಳು. ನಾನು ಯಾವುದೋ ಬೇರೆ ಪಾಠ ತೆಗೆದೆ. ಅವಳು ಹಾಳೆಗಳನ್ನು ಹಿಂದಕ್ಕೆ ತಿರುವಿದಳು.

"ಅವತ್ತು ಬಿಟ್ಟಿದ್ದು ಇದೇ ಅಲ್ಲವಾ ಟೀಚರ್?"

"ಈಗ ಬೇಡ ಮಾರಾಯ್ತಿ" ಅಂದೆ. "ದೀಪ ಹಚ್ಚೋ ಹೊತ್ತು."

"ಇನ್ನೆಂತ ಹೆದ್ರಿಕೆ" ಎಂದು ಗೈಡಿನ ಮೇಲೆ ಬೆರಳಿಟ್ಟು ಓದಿದಳು. "ಹಿ ಡೈಡ್. ಏನನ್ನ, ಯಾರನ್ನ ಅಂತ ಕೇಳಿದ್ರೆ ಉತ್ತರ ಇಲ್ಲ. ಇನ್‌ಟ್ರಾನ್ಸಿಟಿವ್. ಸರಿನಾ ಟೀಚರ್?"

ಒಳಗೆ ಸೊಸೆ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಇವಳು ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಸರಿ" ಅಂದೆ.