ಕೌಂಟರಿನ ಮುಂದೆ ನಿಂತ ಆಂಟಿ

ಅವರ ಬೆರಳ ತುದಿಗಳು ಸದಾ ಬಿರಿದಿರುತ್ತಿದ್ದವು. ಆಸ್ಪತ್ರೆಯಲ್ಲಿ ಕೈ ತೊಳೆದು ತೊಳೆದು ಚರ್ಮ ಬೆಳ್ಳಗೆ ಒಣಗಿ, ಗೆಣ್ಣುಗಳ ಮೇಲಿನ ಸಣ್ಣ ಗೆರೆಗಳಲ್ಲಿ ಕೆಂಪು ಕಾಣುತ್ತಿತ್ತು. ತೆಂಗಿನೆಣ್ಣೆ ಹಚ್ಚಿ ಹಳೆಯ ಕಾಲುಚೀಲಗಳನ್ನು ಕೈಗೆ ತೊಟ್ಟು ಮಲಗುತ್ತಿದ್ದರಂತೆ. ಮಂಗಳೂರು ಕಡೆಯ ನರ್ಸ್. ಗಂಡ ಹಡಗಿನ ಕೆಲಸದಲ್ಲಿ. ದುಬೈನ ಅಲ್ ಕುಸೈಸ್‌ನ ನಮ್ಮ ಕಟ್ಟಡದಲ್ಲಿ ನಮ್ಮ ಎದುರಿನ ಫ್ಲ್ಯಾಟು ಅವರದು. ನನಗೆ ಅವರು ಆಂಟಿ; ಅವರಿಗೆ ನಾನು ಕೊಂಕಣಿಯ 'ಪುತಾ', ಅಂದರೆ ಮಗ.

ಒಮ್ಮೆ ಅವರ ಮನೆಗೆ ಹೋಗಿದ್ದ ನಮ್ಮ ಗಾಜಿನ ಬಟ್ಟಲು ಅವರ ಕೈಯಿಂದ ಬಿದ್ದು ಒಡೆಯಿತು. ಚೂರು ಬಾಚುವ ಮೊದಲೇ ಬಂದು ಬಾಗಿಲು ತಟ್ಟಿದರು. "ನಿಮ್ಮ ಬಟ್ಟಲು ಹೋಯ್ತು ಮಾರಾಯ್ರೆ. ನಾನೇ ಒಡೆದದ್ದು."

"ಪೊಲೀಸರಿಗೆ ಶರಣಾದ ಹಾಗೆ ಬಂದಿದ್ದೀರಲ್ಲ!" ಎಂದು ಅಮ್ಮ ನಕ್ಕರು.

"ವಾರ್ಡಿನ ಅಭ್ಯಾಸ. ಅಲ್ಲಿ ಮುಚ್ಚಿಟ್ರೆ ಯಾರದ್ದೋ ಪ್ರಾಣ ಹೋಗ್ತದೆ."

ನಮ್ಮ ಮನೆಯ ರೀತಿ ಬೇರೆ. ಮೈಸೂರಿನಿಂದ ಬಂದ ಅಪ್ಪ ಪ್ರತಿ ಸರಕಾರಿ ಕಚೇರಿಯ ಬಾಗಿಲಲ್ಲೂ ಒಂದೇ ಮಾತು ಹೇಳುತ್ತಿದ್ದರು: "ಕೌಂಟರಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡು ಕಣೋ. ಒಂದು ಮಾತು ಜಾಸ್ತಿ ಆಡಿದ್ರೆ ಇನ್ನೊಂದು ಕಾಗದ ಕೇಳ್ತಾರೆ." ವೀಸಾದ ಮೇಲೆ ಬದುಕುವವರಿಗೆ ಇದು ಸಹಜವಾಗಿ ಬರುತ್ತದೆ. ನನಗೂ ಬಂದಿತ್ತು.

ಹನ್ನೆರಡನೆಯ ತರಗತಿ ಮುಗಿದು ಎಂಜಿನಿಯರಿಂಗ್ ಕಾಲೇಜಿಗೆ ಸೇರುವ ವರ್ಷ. ಮೆಟ್ರೋದ ಹಸಿರು ಮಾರ್ಗ ಇನ್ನೂ ಹೊಸದು. ಹದಿನೆಂಟು ದಾಟಿದ ಮಗ ಓದುತ್ತಿದ್ದರೆ ಮಾತ್ರ ಅಪ್ಪನ ವೀಸಾದಲ್ಲಿ ಇರಬಹುದಿತ್ತು. ಓರಿಯೆಂಟೇಶನ್ ದಿನದ ಪ್ಲೇಸ್‌ಮೆಂಟ್ ಟೆಸ್ಟಿನಲ್ಲಿ ಗಣಿತ ಸಾಲದೆ ಹೋದರೆ ಮೊದಲು ಸಂಜೆಯ ತಯಾರಿ ತರಗತಿ. ಅದರ ಮೇಲೆ ವೀಸಾ ಸಿಗದು ಎಂದು ಕಾಲೇಜಿನವರು ಮೊದಲೇ ತಿಳಿಸಿದ್ದರು. ಹಾಗಾದರೆ ನಾನೊಬ್ಬನೇ ಈ ದೇಶ ಬಿಡಬೇಕು. ನಾನು ಹುಟ್ಟಿದ್ದು ಇಲ್ಲೇ. ಹೋಗಿ ಇರಲು ನನಗೆ ಗೊತ್ತಿದ್ದ ಇನ್ನೊಂದು ಊರಿರಲಿಲ್ಲ.

ಆ ದಿನ ಅಪ್ಪನಿಗೆ ರಜೆ ಸಿಗಲಿಲ್ಲ. ಅಮ್ಮನಿಗೆ ಶಾಲೆಯಲ್ಲಿ ಪಾಠ. ಆಂಟಿಗೆ ಅಂದು ವಾರದ ರಜೆ, ಅವರೇ ಬಂದರು.

ಪರೀಕ್ಷೆ ಕಂಪ್ಯೂಟರಿನಲ್ಲಿ. ನಮ್ಮ ಇಂಡಿಯನ್ ಸ್ಕೂಲಿನಲ್ಲಿ ವರ್ಷಗಟ್ಟಲೆ ಕಲಿಸಿದ್ದು ಒಂದೇ: ಮೊದಲು ಇಡೀ ಪ್ರಶ್ನೆಪತ್ರಿಕೆಯ ಮೇಲೆ ಕಣ್ಣಾಡಿಸು, ಸುಲಭವಾದದ್ದನ್ನು ಮಾಡು, ಬಿಟ್ಟದ್ದಕ್ಕೆ ಆಮೇಲೆ ಬಾ. ಹಾಗೇ ಮಾಡಿದೆ. ಮೊದಲ ಪ್ರಶ್ನೆ ಉದ್ದವಿತ್ತು, ಮುಂದಕ್ಕೆ ಒತ್ತಿದೆ. ಮತ್ತೊಂದು, ಇನ್ನೊಂದು. ಹೀಗೆ ಕೆಲವು ದಾಟಿದ ಮೇಲೆ ಹಿಂದಕ್ಕೆ ಹೋಗುವ ಗುಂಡಿ ಹುಡುಕಿದೆ. ಪರದೆಯ ನಾಲ್ಕೂ ಮೂಲೆ ನೋಡಿದೆ. ಇರಲಿಲ್ಲ. ಆಮೇಲಿನ ಪ್ರಶ್ನೆಗಳನ್ನು ಹೇಗೆ ಮಾಡಿದೆನೋ ಇವತ್ತಿಗೂ ನೆನಪಿಗೆ ಬರುವುದಿಲ್ಲ.

ಹೊರಗೆ ಆಂಟಿ ನನ್ನ ಮುಖ ನೋಡಿ ಎದ್ದು ನಿಂತರು. ಪಿಸುದನಿಯಲ್ಲಿ ಎಲ್ಲ ಹೇಳಿದೆ.

"ಉತ್ತರ ಗೊತ್ತಿಲ್ಲದೆ ಬಿಟ್ಟದ್ದಾ?"

"ಅಲ್ಲ ಆಂಟಿ. ಆಮೇಲೆ ಮಾಡೋಣ ಅಂತ."

"ಹಾಗಾದ್ರೆ ಹೋಗಿ ಅದನ್ನೇ ಹೇಳು."

"ಬೇಡ. ಸೀಟೇ ಕ್ಯಾನ್ಸಲ್ ಮಾಡಿಬಿಟ್ರೆ?"

"ಮಾಡ್ಲಿಕ್ಕೂ ಸಾಕು," ಎಂದರು. ಸುಳ್ಳು ಸಮಾಧಾನ ಅವರಿಗೆ ಬರುತ್ತಿರಲಿಲ್ಲ. "ಆದ್ರೆ ರಿಸಲ್ಟ್ ಬಂದ ಮೇಲೆ ಹೇಳಿದ್ರೆ ನೆಪ ಅಂತಾರೆ. ಈಗ ಹೇಳಿದ್ರೆ ನಡೆದದ್ದು."

"ಅಪ್ಪನಿಗೊಂದು ಫೋನ್..."

"ನಿನ್ನ ಅಪ್ಪ ಎಂತ ಹೇಳ್ತಾರೆ ಅಂತ ನನಗೆ ಗೊತ್ತುಂಟು. ಬಾ. ನೀನೇ ಮಾತಾಡು, ನಾನು ಪಕ್ಕದಲ್ಲಿ ಇರ್ತೇನೆ."

ಕೌಂಟರಿನಲ್ಲಿ ಕಪ್ಪು ಅಬಾಯಾ ತೊಟ್ಟ ಹೆಂಗಸೊಬ್ಬರಿದ್ದರು. ಎರಡು ಬಾರಿ ಇಂಗ್ಲಿಷಿನಲ್ಲಿ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಆಂಟಿ ನನ್ನ ಪರವಾಗಿ ಒಂದು ಅಕ್ಷರ ಆಡಲಿಲ್ಲ. ಬಿರಿದ ಬೆರಳುಗಳನ್ನು ಕೌಂಟರಿನ ಅಂಚಿನ ಮೇಲಿಟ್ಟು ಕಾದರು. ಕೊನೆಗೂ ಹೇಳಿದೆ. ಆ ಹೆಂಗಸು ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಮಧ್ಯಾಹ್ನ ಮತ್ತೊಮ್ಮೆ ಬರೆಯಬಹುದು, ಆದರೆ ಮೊದಲನೆಯದನ್ನು ಅಳಿಸಿಬಿಡುತ್ತೇವೆ, ಎರಡನೆಯದರಲ್ಲಿ ಬಂದದ್ದೇ ಕೊನೆ ಎಂದರು.

ಮೊದಲನೆಯದರಲ್ಲಿ ಎಷ್ಟು ಬಂದಿದೆಯೋ ಹೇಳುವ ಹಾಗಿರಲಿಲ್ಲ. ಆಂಟಿಯ ಕಡೆ ತಿರುಗಿದೆ.

"ನನ್ನನ್ನು ನೋಡ್ಬೇಡ ಪುತಾ. ಬರೆಯುವವ ನೀನು."

ಬರೆಯುತ್ತೇನೆ ಎಂದೆ. ಅಳಿಸಿದರು.

ಮಧ್ಯಾಹ್ನ ಒಂದೊಂದೇ ಪ್ರಶ್ನೆಗೆ ಉತ್ತರಿಸಿ ಮುಂದಕ್ಕೆ ಹೋದೆ. ಸರಿ ಮಾಡಿದಷ್ಟೂ ಮುಂದಿನದು ಕಷ್ಟವಾಗುತ್ತಿತ್ತು. ಆ ಯಂತ್ರದ ಕ್ರಮವೇ ಅದು ಎಂದು ಆಗ ತಿಳಿದಿರಲಿಲ್ಲ. ಮುಳುಗಿದೆ ಎಂದೇ ಹೊರಗೆ ಬಂದೆ. ಸಂಜೆ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಸಂಖ್ಯೆ ಡಿಗ್ರಿಯ ಗಣಿತ ತರಗತಿಯಲ್ಲಿತ್ತು. ಆಂಟಿ ಅದನ್ನು ಬೆರಳಿಟ್ಟು ಓದಿ, "ಸರಿ, ಈಗ ಎಂತಾದ್ರೂ ತಿನ್ನುವ," ಎಂದರು. ದಾರಿಯಲ್ಲಿ ಕರಾಮದಲ್ಲಿ ಮೆಟ್ರೋ ಇಳಿದು ಮಸಾಲೆ ದೋಸೆ ತಿಂದೆವು. ಅವರು ಅರ್ಧ ತಿಂದು ತಟ್ಟೆ ನನ್ನ ಕಡೆ ಸರಿಸಿದರು. ದಣಿದಿದ್ದಾರೆ ಎಂದುಕೊಂಡೆ.

ನನ್ನ ಕಾಲೇಜಿನ ಕೊನೆಯ ವರ್ಷದಲ್ಲಿ ಅವರು ಕಾಯಿಲೆ ಬಿದ್ದು ಊರಿಗೆ ಹೋದರು. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಆ ಸುದ್ದಿ ಬಂದ ಸಂಜೆ ಅಮ್ಮ ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಹೇಳಿದರು. ನಾನು ಎರಡನೆಯ ಸಲ ಪರೀಕ್ಷೆಗೆ ಕೂತಿದ್ದಾಗ ಆಂಟಿ ಕಾಲೇಜಿನ ಶೌಚಾಲಯದಿಂದ ಅಮ್ಮನಿಗೆ ಫೋನ್ ಮಾಡಿದ್ದರಂತೆ. ಮಾತಾಡಲು ಆಗದಷ್ಟು ಅಳುತ್ತಿದ್ದರಂತೆ. "ಸುಮ್ಮನಿದ್ದಿದ್ರೆ ಮೊದಲಿನದ್ದೇ ಸಾಕಾಗ್ತಿತ್ತೋ ಏನೋ. ನಿಮ್ಮ ಮಗನನ್ನು ನಾನೇ ಊರು ಬಿಡಿಸಿದೆನಾ?" ಎಂದು ಕೇಳಿದ್ದರಂತೆ.

ಅಂದು ಆ ಕಾಲೇಜಿನಲ್ಲಿ ಹೆದರಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ನಾನಿನ್ನೂ ದುಬೈನಲ್ಲೇ ಇದ್ದೇನೆ, ಅಪ್ಪ ಅಮ್ಮನ ಜೊತೆ ಅದೇ ಮನೆಯಲ್ಲಿ. ಅದು ಆಂಟಿಯಿಂದ. ಅವರಿಗೆ ಅದನ್ನು ಒಮ್ಮೆಯೂ ಹೇಳಿರಲಿಲ್ಲ.