ಭಟ್ಟಿ ಮನೆ ದೊಡ್ಡವ್ವನ ಅಳು

ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ನಿನ್ನೆ ಮಧ್ಯಾಹ್ನ ಕೆಲಸದವರು ಮರಳಿನ ಗುಡ್ಡೆಯ ಪಕ್ಕದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದ್ದರು. ಝಳಕ್ಕೆ ಮರಳು ಕಾಯ್ದು ಅದರ ವಾಸನೆ ಕಿಟಕಿಯಿಂದ ಒಳಗೆ ಬಂತು. ಸೊಪ್ಪು ಸೋಸುತ್ತಿದ್ದ ನಾನು ಹಾಗೇ ಕುಳಿತುಬಿಟ್ಟೆ. ಎಷ್ಟು ವರ್ಷಗಳಾದವೋ ಆ ವಾಸನೆ ಮೂಗಿಗೆ ಬಡಿದು...

ಚನ್ನಗಿರಿಯಲ್ಲಿ ನಮ್ಮ ತವರುಮನೆಯ ಗೋಡೆಗೆ ಹತ್ತಿಕೊಂಡೇ ಒಂದು ಮಂಡಕ್ಕಿ ಭಟ್ಟಿ ಇತ್ತು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಹೊಟ್ಟಿನ ಒಲೆ ಹತ್ತುತ್ತಿತ್ತು, ದೊಡ್ಡ ಬಾಣಲೆಯಲ್ಲಿ ಮರಳು ಕಾಯುತ್ತಿತ್ತು. ಉಪ್ಪುನೀರು ಸವರಿ ಒಣಗಿಸಿದ ಅಕ್ಕಿಯನ್ನು ಅದಕ್ಕೆ ಸುರಿದು ಕಡ್ಡಿಯ ಕಟ್ಟಿನಿಂದ ಕೈಯಾಡಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಬಾಣಲೆ ತುಂಬ ಬಿಳಿ ಅರಳು. ಕೈಯಾಡಿಸುತ್ತಿದ್ದವಳು ದೊಡ್ಡವ್ವ. ನಮಗೆ ಅವಳು ರಕ್ತಸಂಬಂಧಿಯಲ್ಲ. ನನ್ನವ್ವ ಅವಳನ್ನು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ನಮಗೆ ದೊಡ್ಡವ್ವ. ಎತ್ತರದ ಆಳು, ಗಂಟಲು ದೊಡ್ಡದು. ನಕ್ಕರೆ ಓಣಿಗೆಲ್ಲ ಕೇಳುತ್ತಿತ್ತು, ಜಗಳಕ್ಕೆ ನಿಂತರೆ ಸಂತೆಯವರೂ ತಿರುಗಿ ನೋಡುತ್ತಿದ್ದರು. ಅವಳ ಗಂಡ, ನಮ್ಮ ದೊಡ್ಡಪ್ಪ, ಮಾತು ಕಡಿಮೆಯ ಮೆತ್ತಗಿನ ಮನುಷ್ಯ.

ಅವರಿಗೆ ಒಬ್ಬಳೇ ಮಗಳು. ನಾನೂ ಅವಳೂ ಒಂದೇ ವಯಸ್ಸಿನವರು. ಒಂದೇ ವರ್ಷ ಮದುವೆಯಾಗಿ ನಾನು ಹೊನ್ನಾಳಿಗೆ ಹೋದೆ, ಅವಳು ಜಗಳೂರಿಗೆ ಹೋದಳು. ಚೊಚ್ಚಲು ಹೆರಿಗೆಗೆ ಇಬ್ಬರೂ ಒಟ್ಟಿಗೇ ತವರಿಗೆ ಬಂದೆವು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು ಇದು. ಮಧ್ಯಾಹ್ನ ಹಿತ್ತಿಲಲ್ಲಿ ಕುಳಿತು ಹುಣಸೆಕಾಯಿ ತಿನ್ನುತ್ತ, ಯಾರ ಹೊಟ್ಟೆ ದೊಡ್ಡದು ಎಂದು ನಗಾಡುತ್ತಿದ್ದೆವು. ದೊಡ್ಡವ್ವ ಬಿಸಿ ಮಂಡಕ್ಕಿಗೆ ಎಣ್ಣೆ, ಖಾರ, ಹಸಿ ಈರುಳ್ಳಿ ಕಲಸಿ ತಂದು, "ತಿನ್ರೇ, ಇಬ್ರೂ ಆನೆಮರಿ ಹೆರಾಕೆ ಬಂದೀರಿ" ಎಂದು ನಮ್ಮ ಮುಂದೆ ಮೊರ ಇಡುತ್ತಿದ್ದಳು.

ನನಗೆ ಮೊದಲು ಹೆರಿಗೆಯಾಯಿತು, ಹೆಣ್ಣುಮಗು. ತಿಂಗಳು ತುಂಬುವುದರೊಳಗೆ ಅವಳಿಗೆ ಗಂಡುಮಗು. ಹೆರಿಗೆ ಸಲೀಸಾಗಿಯೇ ಆಯಿತು. ಮಂಡಕ್ಕಿಗೆ ಸಕ್ಕರೆ ಬೆರೆಸಿ ದೊಡ್ಡವ್ವ ಓಣಿಗೆಲ್ಲ ಹಂಚಿದಳು. ಆಮೇಲೆ ಮಗಳಿಗೆ ಜ್ವರ ಏರಿತು. ಸೂಲಗಿತ್ತಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು, ಡಾಕ್ಟರೂ ಬಂದು ನೋಡಿದರು. ಬಾಣಂತಿ ನಂಜು ಎಂದರು. ಆಗ ನಮ್ಮೂರ ಕಡೆ ಅದಕ್ಕೆ ಮದ್ದು ಇರಲಿಲ್ಲ... ಗೋಡೆಯ ಆಚೆ ನನ್ನ ಗೆಳತಿ ಬಡಬಡಿಸುತ್ತಿದ್ದಳು. ಈಚೆ ನಾನು ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ. ಹಸಿ ಬಾಣಂತಿಯೆಂದು ನನ್ನನ್ನು ಅವಳ ಬಳಿಗೆ ಬಿಡಲಿಲ್ಲ. ಒಂದು ದಿನ ಬೆಳಿಗ್ಗೆ ಆ ದನಿ ನಿಂತಿತು.

ಮಗಳನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ದೊಡ್ಡವ್ವ ಭಟ್ಟಿ ಹೊತ್ತಿಸಿದಳು. ಓಣಿಯವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಅಕ್ಕಿ ಸುರಿದಳು, ಕೈಯಾಡಿಸಿದಳು, ಜರಡಿ ಹಿಡಿದಳು. ಮತ್ತೆ ಸುರಿದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ದೊಡ್ಡಪ್ಪನದು ಇನ್ನೊಂದು ತರಹ. ಅವನಿಗೆ ಎಲ್ಲಿ ನಿಂತರೆ ಅಲ್ಲಿ ಅಳು. ಸಂತೆಯಲ್ಲಿ ಚೀಲ ಇಳಿಸುವಾಗ, ಕೆರೆ ಏರಿಯ ಮೇಲೆ ನಡೆಯುವಾಗ, ಊಟಕ್ಕೆ ಕುಳಿತಾಗ... ಗಂಡಸರು ಬೈದರೆ, "ಏನ್ ಮಾಡ್ಲಿ, ತಾನೇ ಬರ್ತೈತೆ" ಎಂದು ಮೂಗು ಒರೆಸಿಕೊಳ್ಳುತ್ತಿದ್ದ.

ಭಟ್ಟಿ ಹೊತ್ತಿಸಿದ ಆ ದಿನವೇ ಅವನು ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತ. ಒಳಗೆ ಬರಲು ಸಂಕೋಚ. ನಡುಮನೆಯ ಆಚೆಯಿಂದಲೇ ಕೇಳಿದ.

"ನಿನ್ನ ಹಾಲು ಇಬ್ಬರಿಗೂ ಸಾಲ್ತೈತೇನವ್ವ?"

ನಾನು ಕೈ ಚಾಚಿದೆ. ಅವ್ವ ಮಗುವನ್ನು ತಂದು ಮಡಿಲಿಗೆ ಹಾಕಿದಳು. ಹಸಿದ ಕೂಸು, ಬಾಯಿಟ್ಟಿದ್ದೇ ಬಿಡಲೊಲ್ಲದು. ನಾನು ಸದ್ದಾಗದಂತೆ ಅತ್ತೆ. ಬಾಣಂತಿ ಅತ್ತರೆ ಹಾಲು ಬತ್ತುತ್ತದೆಂದು ಅವ್ವ ಗದರಿಸಿದಳು. ಗದರಿಸುತ್ತ ಅವಳೂ ಅತ್ತಳು.

ಹೀಗೆ ಆ ಕೂಸು ನಮ್ಮ ಮನೆಯಲ್ಲೇ ಬೆಳೆಯತೊಡಗಿತು. ಎಡಕ್ಕೊಂದು ಬಲಕ್ಕೊಂದು ಹಾಕಿಕೊಂಡು ಮಲಗುತ್ತಿದ್ದೆ. ದೊಡ್ಡಪ್ಪ ದಿನಾ ಬಂದು ಮೊಮ್ಮಗನನ್ನು ಎತ್ತಿಕೊಂಡು ಹೋಗುತ್ತಿದ್ದ. ಹಸಿದಾಗ ವಾಪಸು ತರುತ್ತಿದ್ದ. ದೊಡ್ಡವ್ವ ಮಾತ್ರ ಅದನ್ನು ಮುಟ್ಟಲಿಲ್ಲ. ಮಗುವಿನ ಬಟ್ಟೆ ಒಗೆದು ಮಡಚಿ ತಂದು ಹೊಸ್ತಿಲಲ್ಲಿ ಇಡುತ್ತಿದ್ದಳು. ನನಗೆಂದು ಮೆಂತ್ಯದ ಹಿಟ್ಟು, ಒಣಕೊಬ್ಬರಿ, ಬೆಲ್ಲ ತಂದಿಡುತ್ತಿದ್ದಳು. ತೊಟ್ಟಿಲ ಕಡೆ ಕಣ್ಣು ಹಾಯಿಸದೆ ತಿರುಗಿ ಹೋಗುತ್ತಿದ್ದಳು.

ಓಣಿಯ ಹೆಂಗಸರು ಸುಮ್ಮನಿರಲಿಲ್ಲ. ಅಳದೆ ಇದ್ದರೆ ಎದೆ ಒಡೆದುಹೋಗುತ್ತದೆ ಎಂದು ಹೆದರಿಸಿದರು. ಒಬ್ಬಾಕೆ ಸತ್ತ ಮಗಳ ಸೀರೆಯನ್ನೇ ತಂದು ಅವಳ ಮುಂದೆ ಹರಡಿ ಹಾಡಿ ಅತ್ತಳು. ದೊಡ್ಡವ್ವ ಆ ಸೀರೆಯನ್ನು ನಾಲ್ಕು ಮೂಲೆ ಸರಿಮಾಡಿ ಮಡಚಿ ಒಳಗಿಟ್ಟು, ಒಲೆಗೆ ಹೊಟ್ಟು ಹಾಕಲು ಎದ್ದು ಹೋದಳಂತೆ.

ಒಂದು ಮಧ್ಯಾಹ್ನ ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಮಕ್ಕಳಿಬ್ಬರೂ ನಿದ್ದೆಯಲ್ಲಿದ್ದರು. ತೊಟ್ಟಿಲ ಹತ್ತಿರ ಕುಳಿತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

"ಎತ್ಕೊಳ್ಳೇ ಅಕ್ಕ, ನಿನ್ನ ಮಗಳ ಕೂಸಲ್ವಾ" ಎಂದಳು ಅವ್ವ.

"ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿದಳು. "ಇದರ ಮುಖ ನೋಡಿದ್ರೆ ನಂಗೆ ಸಿಟ್ಟು ಬರ್ತೈತವ್ವ. ಇದು ಬರಾಕೆ ಅವಳು ಹೋಗಬೇಕಾಯ್ತಲ್ಲ ಅಂತ. ಇದಕ್ಕೇನು ಗೊತ್ತೈತೆ, ಹಸುಗೂಸು... ಅದು ನಂಗೆ ಗೊತ್ತಿದ್ರೂ ಸಿಟ್ಟು ಹೋಗಾಕಿಲ್ಲ. ನಿನ್ನ ನೋಡಿದ್ರೂ ಬರ್ತೈತೆ. ನೀ ಉಳಿದೆಯಲ್ಲ ಅಂತ. ಎಂಥಾ ಹೆಂಗಸು ನಾನು, ನೀನೇ ಹೇಳು."

ಅವ್ವ ಅವಳ ಭುಜ ಹಿಡಿದು, "ಅತ್ತುಬಿಡೇ ಅಕ್ಕ" ಎಂದಳು.

"ಬರಾಕಿಲ್ಲ ಕಣೇ. ನಮ್ಮನೆಯವರು ಅತ್ತು ಹಗುರಾಗ್ತಾರೆ. ನಾನೆಲ್ಲಿಗೆ ಹೋಗ್ಲಿ?" ಎಂದು ಎದ್ದು ಹೋದಳು. ಗೋಡೆಯ ಆಚೆ ಮತ್ತೆ ಕಡ್ಡಿ ಆಡುವ ಸದ್ದು ಕೇಳಿತು.

ಐದು ತಿಂಗಳು ತುಂಬಿದರೂ ನಾನು ಹೊನ್ನಾಳಿಗೆ ಹೊರಡಲಿಲ್ಲ. ಅತ್ತೆಯ ಮನೆಯಿಂದ ಮೇಲಿಂದ ಮೇಲೆ ಹೇಳಿಕಳಿಸಿದರು. ಕೂಸನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಗಂಡನನ್ನು ಕೇಳಿಕೊಂಡೆ. ಅವರೇನೋ ಒಪ್ಪಿದರು. ಆದರೆ ಕೂಸು ನಮ್ಮದಲ್ಲವಲ್ಲ. ಜಗಳೂರಿನವರು ನಮ್ಮ ವಂಶ ನಮ್ಮಲ್ಲೇ ಬೆಳೆಯಲಿ ಎಂದರು. ದೊಡ್ಡವ್ವನ ಅಳಿಯನಿಗೆ ಅಷ್ಟು ಹೊತ್ತಿಗೆ ಮತ್ತೆ ಮದುವೆಯಾಗಿತ್ತು.

ಅವನು, ಅವನ ತಾಯಿ, ಹೊಸ ಹೆಂಡತಿ ಮೂವರೂ ಬಂದರು. ಆ ಹುಡುಗಿ ನನಗಿಂತ ಚಿಕ್ಕವಳು. ಹೆದರಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ನಾನು ಕೊನೆಯ ಸಲ ಹಾಲು ಕುಡಿಸಿದೆ. ಕೂಸನ್ನು ತಾಯಿಯ ಕಡೆಯವರೇ ಕೈಯಾರೆ ಕೊಡಬೇಕು ಎಂದು ಜಗಳೂರಿನ ಬೀಗಿತ್ತಿ ಹೇಳಿದಳು. ಅವ್ವ ಬೇರೆ ದಾರಿ ಕಾಣದೆ ಅದನ್ನು ದೊಡ್ಡವ್ವನ ತೋಳಿಗೆ ಇಟ್ಟಳು.

ಅವಳು ಅದನ್ನು ಎತ್ತಿಕೊಂಡಿದ್ದು ಅದೇ ಮೊದಲು. ಹಿಡಿದುಕೊಂಡವಳು ಕೊಡಲಿಲ್ಲ. ಬೀಗಿತ್ತಿ ಕೈ ಚಾಚಿದಳು. ದಾವಣಗೆರೆ ಬಸ್ಸು ಹೊರಡುವ ಹೊತ್ತಾಯಿತು ಎಂದು ಅಳಿಯ ಮೆಲ್ಲಗೆ ನೆನಪಿಸಿದ.

"ಕೊಡೇ," ಎಂದ ದೊಡ್ಡಪ್ಪ.

"ಕೊಡ್ತೀನ್ರೀ. ಕೈ ಬಿಡವಲ್ದು," ಎಂದಳು. ಅದು ಹಟವಲ್ಲ. ಅವಳ ಮುಖ ನೋಡಿದ್ದರೆ ಯಾರಿಗೂ ಗೊತ್ತಾಗುತ್ತಿತ್ತು, ಅವಳೂ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಳು. ದೊಡ್ಡಪ್ಪನೇ ಅಳುತ್ತ ಅವಳ ಒಂದೊಂದು ಬೆರಳನ್ನೂ ಬಿಡಿಸಿದ.

ಅವರು ಹೋದ ಮೇಲೆ ನಾವು ಮೂವರು ಹೆಂಗಸರು ಪಡಸಾಲೆಯಲ್ಲಿ ಕುಳಿತಿದ್ದೆವು. "ನಿನ್ನ ಮಗಳನ್ನ ಒಂದು ಗಳಿಗೆ ಕೊಡವ್ವ" ಎಂದಳು ದೊಡ್ಡವ್ವ. ಕೊಟ್ಟೆ. ಎದೆಗೆ ಒತ್ತಿಕೊಂಡಳು, ತಲೆ ಮೂಸಿದಳು. ಆಮೇಲೆ ಬಹಳ ಮೆತ್ತಗೆ, "ಇದಲ್ಲವ್ವ," ಎಂದು ನನ್ನ ಮಡಿಲಿಗೇ ವಾಪಸು ಇಟ್ಟಳು.

ಆಗ ಬಂತು ಅಳು. ಅಂಥ ಅಳುವನ್ನು ನಾನು ಮತ್ತೆ ಕೇಳಿಲ್ಲ, ಕೇಳುವುದೂ ಬೇಡ. ನೆಲಕ್ಕೆ ಹಣೆ ಹಚ್ಚಿ ಮಗಳನ್ನು ಕರೆದಳು, ಕೂಸನ್ನು ಕರೆದಳು. ಅವ್ವ, ಸದ್ಯ ಅತ್ತಳಲ್ಲ ಎಂದು ಲಿಂಗಕ್ಕೆ ಕೈ ಮುಗಿದಳು. ಆದರೆ ಅದು ನಿಲ್ಲಲಿಲ್ಲ. ಮರುದಿನವೂ ಅತ್ತಳು, ಅದರ ಮರುದಿನವೂ. ಭಟ್ಟಿ ತಣ್ಣಗಾಯಿತು. ಅಳು ಅಳು ಎಂದು ಪೀಡಿಸಿದ್ದ ಹೆಂಗಸರೇ ಈಗ ಬಂದು, ಸಾಕು ಮಾಡು, ಸತ್ತ ಜೀವಕ್ಕೆ ತ್ರಾಸಾಗುತ್ತದೆ ಎನ್ನತೊಡಗಿದರು. ಮಂತ್ರಿಸಿದ ತಾಯಿತ ಕಟ್ಟಿಸಿದರು. ಮಠಕ್ಕೆ ಕರೆದೊಯ್ದು ಕೂರಿಸಿದರು. ದೊಡ್ಡಪ್ಪನ ಅಳು ಮಾತ್ರ ಅಂದಿನಿಂದ ನಿಂತುಹೋಯಿತು. ಅವನೇ ಬಾಣಲೆಯ ಮುಂದೆ ಕುಳಿತು, ಬಾರದ ಕೆಲಸ ಮಾಡುತ್ತ, ಅರ್ಧ ಮಂಡಕ್ಕಿ ಸೀಯಿಸುತ್ತಿದ್ದ.

ಅವಳು ಹಾಗಿರುವಾಗಲೇ ನಾನು ಹೊನ್ನಾಳಿಯ ಗಾಡಿ ಹತ್ತಬೇಕಾಯಿತು. ಎದೆ ಕಟ್ಟಿ ನೋಯುತ್ತಿತ್ತು. ಇಬ್ಬರಿಗೆಂದು ಬರುತ್ತಿದ್ದ ಹಾಲನ್ನು ಈಗ ಮಗಳೊಬ್ಬಳೇ ಕುಡಿಯುತ್ತಿದ್ದಳು.

ಮುಂದಿನದನ್ನು ಅವ್ವ ಹೇಳಿದ್ದು. ತಿಂಗಳುಗಳು ಕಳೆದ ಮೇಲೆ ಅಳು ತಾನಾಗಿ ಇಳಿಯಿತಂತೆ. ಒಮ್ಮೆ ಗಂಡಹೆಂಡತಿ ಜಗಳೂರಿಗೆ ಹೋಗಿ ಕೂಸನ್ನು ನೋಡಿ ಬಂದರು. ಆಗ ಅದು ನಡೆಯುತ್ತಿತ್ತು. ಅಜ್ಜಿಯನ್ನು ಕಂಡು ಹೆದರಿ ಅಳಿಯನ ಆ ಹೊಸ ಹೆಂಡತಿಯ ಸೀರೆಯ ಹಿಂದೆ ಬಚ್ಚಿಟ್ಟುಕೊಂಡಿತಂತೆ. ತಿರುಗಿ ಬಂದ ದೊಡ್ಡವ್ವ ನಮ್ಮ ಜಗಲಿಯ ಮೇಲೆ ಕುಳಿತು, "ಚೆನ್ನಾಗಿ ನೋಡ್ಕೊಂಡವಳೆ ಕಣೇ. ಬೈಯಾಕೆ ಏನೂ ಸಿಗಲಿಲ್ಲ" ಎಂದಳಂತೆ. ಆಮೇಲೆ ಜಗಳೂರಿನ ಮಾತೇ ಆಡಲಿಲ್ಲ. ಯುದ್ಧ ಜೋರಾಗಿ ಭತ್ತಕ್ಕೆ ಸರ್ಕಾರದ ಕಟ್ಟುನಿಟ್ಟು ಬಂತು, ಭಟ್ಟಿ ಮುಚ್ಚಿತು. ಇಬ್ಬರೂ ಕತ್ತಲಗೆರೆಯ ಕಡೆ ಅವಳ ತಮ್ಮನ ಮನೆಗೆ ಹೋದರು. ನಾನು ಎರಡನೆಯ ಬಾಣಂತನಕ್ಕೆ ತವರಿಗೆ ಬಂದಾಗ, ಪಕ್ಕದ ಮನೆಯಲ್ಲಿ ಬೇರೆಯವರಿದ್ದರು. ದೊಡ್ಡವ್ವ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮಣ್ಣು ಮಾಡಿ ಎಷ್ಟೋ ದಿನವಾದ ಮೇಲೆ.

ನನ್ನ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ನಿನ್ನೆ ನಾನು ಸೊಪ್ಪು ಬಿಟ್ಟು ಕುಳಿತದ್ದನ್ನು ಕಂಡು ಏನಾಯಿತೆಂದು ಕೇಳಿದಳು. ಇಷ್ಟನ್ನೂ ಹೇಳಿದೆ. ತನ್ನ ಜೊತೆ ಹಾಲು ಕುಡಿದವನೊಬ್ಬನಿದ್ದಾನೆ ಎಂಬುದು ಅವಳಿಗೆ ಹೊಸದು. "ಎಲ್ಲಿದ್ದಾನೋ, ಹುಡುಕೋಣ. ಏನವ್ವ ಅವನ ಹೆಸರು?" ಎಂದಳು.

ಅಷ್ಟು ತಿಂಗಳು ನಮ್ಮಲ್ಲಿದ್ದರೂ ಹೆಸರಿಡಲು ಯಾರಿಗೂ ಮನಸ್ಸಾಗಿರಲಿಲ್ಲ. ಕೂಸು ಎಂದೇ ಕರೆಯುತ್ತಿದ್ದೆವು. ಜಗಳೂರಿನಲ್ಲಿ ಇಟ್ಟ ಹೆಸರನ್ನು ದೊಡ್ಡವ್ವ ಯಾರೆದುರಿಗೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬಹುದಾಗಿದ್ದ ದೊಡ್ಡಪ್ಪನೂ ಈಗಿಲ್ಲ, ಯಾರೂ ಇಲ್ಲ...

"ಗೊತ್ತಿಲ್ಲ ಕಣವ್ವ" ಎಂದೆ. ಅವಳು ನನ್ನ ಪಕ್ಕ ಕುಳಿತು ಸೊಪ್ಪನ್ನು ತನ್ನ ಕಡೆಗೆ ಎಳೆದುಕೊಂಡಳು.