ಮ್ಯಾನೇಜರ್ ಮನೆಯಲ್ಲಿ ತಲೆಸ್ನಾನ

ಎಂಬತ್ತರ ದಶಕ. ಸನ್ನಿವೇಲ್‌ನಲ್ಲಿ ನನ್ನ ಕೆಲಸ ಖಾಯಂ ಆಗೋದು ಮ್ಯಾನೇಜರ್ ಕ್ಯಾರಲ್ ಕೈಯಲ್ಲಿತ್ತು. ಅವಳು ನನ್ನನ್ನೂ ನನ್ನ ಹೆಂಡತಿಯನ್ನೂ ಸರಟೋಗಾದ ತನ್ನ ಮನೆಗೆ ಊಟಕ್ಕೆ ಕರೆದಳು.

ಊಟಕ್ಕೆ ಮೊದಲು ತನ್ನ ಮುದ್ದಿನ ಪ್ರಾಣಿ ತೋರಿಸಿದಳು. ಗಾಜಿನ ತೊಟ್ಟಿಯಲ್ಲಿ ಹಲ್ಲಿಯಂಥದ್ದೊಂದು. ಕಪ್ಪು ಮೈ, ಬೆನ್ನ ಮೇಲೆ ಕಿತ್ತಳೆ ಬಣ್ಣದ ಗುಳ್ಳೆಗಳ ಸಾಲು.

"ಇದು ನ್ಯೂಟ್. ಥಾಯ್ಲೆಂಡಿನ ಬೆಟ್ಟಗಳ ನಿತ್ಯಹರಿದ್ವರ್ಣ ಕಾಡಿನದು, ಕಪ್ಪೆಯ ನೆಂಟ" ಎನ್ನುತ್ತಾ ಗ್ಲೌಸು ಹಾಕಿಕೊಂಡು ಎತ್ತಿದಳು. ಅದು ಜಾರಿ ನನ್ನ ಬಲಭುಜದ ಮೇಲೆ ಬಿತ್ತು!

ಕ್ಯಾರಲ್ ಅದನ್ನು ಹಿಡಿದು ತೊಟ್ಟಿಗೆ ಬಿಡುವಷ್ಟರಲ್ಲಿ ನನ್ನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಿದ್ದಳು.

"ರೀ, ಮೈಮೇಲೆ ಹಲ್ಲಿ ಬಿದ್ದಿದೆ. ತಲೆಗೆ ಸ್ನಾನ ಮಾಡದೆ ಏನೂ ಮುಟ್ಟಬೇಡಿ!"

"ಹಲ್ಲಿ ಅಲ್ಲ ಕಣೇ, ಕಪ್ಪೆಯ ನೆಂಟ."

"ಬಾಲ ಇದ್ಯಲ್ಲ?"

ಬಾಲದ ಮುಂದೆ ನನ್ನ ವಾದ ನಿಲ್ಲಲಿಲ್ಲ. ಮಾನ ಬಿಟ್ಟು ಕ್ಯಾರಲ್‌ಳನ್ನು ಕೇಳಿಯೇಬಿಟ್ಟೆ: ಈಗಲೇ ಇಲ್ಲಿ ಸ್ನಾನ ಮಾಡಬಹುದಾ?

ಅವಳ ಕಣ್ಣರಳಿತು. "ಅದರ ಚರ್ಮದಲ್ಲಿ ವಿಷ ಇರೋದು ನಿಮಗೆ ಗೊತ್ತಾ! ಕೈ ತೊಳ್ಕೊಳ್ಳಿ ಅಂದ್ರೂ ಇಲ್ಲಿ ಯಾರೂ ಕೇಳಲ್ಲ."

ಅವಳ ಗಂಡನ ಗುಲಾಬಿ ಬಣ್ಣದ ಟವೆಲ್ ನಿಲುವಂಗಿಯಲ್ಲಿ, ನೀರು ತೊಟ್ಟಿಕ್ಕುವ ತಲೆಯಲ್ಲಿ ಕೂತು ನಾನು ಸಲಾಡ್ ತಿಂದೆ. ಹೆಂಡತಿ ನಗು ತಡೆಯಲಾರದೆ ನೀರು ನೆತ್ತಿಗೇರಿಸಿಕೊಂಡಳು.

ಮನೆಗೆ ಬಂದವಳೇ ಪಂಚಾಂಗ ತೆಗೆದು, "ಬಲಭುಜ, ಶುಭ" ಎಂದಳು.

ಮುಂದಿನ ತಿಂಗಳು ಕೆಲಸ ಖಾಯಂ ಆಯಿತು. ಕ್ಯಾರಲ್ ಬರೆದ ಷರಾ: "ಸುರಕ್ಷತೆಯ ವಿಷಯದಲ್ಲಿ ಎಲ್ಲರಿಗೂ ಮಾದರಿ."

ಅದು ಹಲ್ಲಿ ಅಲ್ಲ ಅನ್ನೋ ವಾದವನ್ನು ನಾನು ಅವತ್ತೇ ಕೈಬಿಟ್ಟೆ.